ಲೆಕ್ಕ ಬಿಟ್ಟು ಕಂಪ್ಯೂಟರ್ ಹಿಡಿಯಬಹುದಾ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು, ಹಿಂದೆಯೇ ಕಾಗದಗಳೂ ಬಂದವು. ಈ ಸಲ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದಲೇ ಜಾಸ್ತಿ. ಅರ್ಧಕ್ಕರ್ಧ ಜನ ಕೇಳಿರುವುದು ಒಂದೇ ಮಾತು: ಗಣಿತ ಮತ್ತು ಕಂಪ್ಯೂಟರ್, ಯಾವುದು ತಗೊಳ್ಳಬೇಕು, ಯಾವುದು ಬಿಡಬೇಕು. ಹಾಗಾಗಿ ಈ ಸಂಚಿಕೆಯನ್ನು ಪೂರ್ತಿ ಅದಕ್ಕೇ ಇಟ್ಟಿದ್ದೇನೆ. ಹೆಸರು ಹಾಕಬೇಡಿ ಎಂದು ತುಂಬಾ ಜನ ಬರೆದಿದ್ದಾರೆ. ಅದಕ್ಕೇ ಯಾರ ಹೆಸರೂ ಹಾಕಿಲ್ಲ, ಊರು ಮಾತ್ರ ಇದೆ.

ಗೋಕಾಕದಿಂದ ಒಬ್ಬ ತಾಯಿ: ಮಗಳಿಗೆ ಗಣಿತದಲ್ಲಿ 94 ಬಂದಿದೆ. ಅವಳಿಗೆ ಪಿಸಿಎಂಸಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್) ಬೇಕಂತೆ. ಅವಳ ಕಾಕಾ ಮಾತ್ರ ಕಂಪ್ಯೂಟರ್ ಬದಲು ಜೀವಶಾಸ್ತ್ರ ಇರಲಿ, "ಪಿಸಿಎಂಬಿ ತಗೊಂಡ್ರ ಡಾಕ್ಟರೂ ಆಗಬಹುದು, ಎಂಜಿನಿಯರೂ ಆಗಬಹುದು" ಅಂತ ಹಟ ಹಿಡಿದಿದ್ದಾರೆ. ಕಂಪ್ಯೂಟರ್ ತಗೊಂಡರೆ ಸಿಇಟಿಯಲ್ಲಿ ಅದರ ಅಂಕ ಸಿಗುತ್ತದಾ ಸರ್?

ಸಿಗುವುದಿಲ್ಲ ಅಕ್ಕಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಷ್ಟೋ ಮನೆಗಳಲ್ಲಿ ಇದು ಗೊತ್ತಾಗುವುದು ದ್ವಿತೀಯ ಪಿಯುಸಿ ಮುಗಿಯುವ ಹೊತ್ತಿಗೆ. ಎಂಜಿನಿಯರಿಂಗ್‌ಗೆ ಸಿಇಟಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಈ ಮೂರೇ. ಒಂದೊಂದಕ್ಕೆ 60 ಅಂಕ. ರ‍್ಯಾಂಕ್ ಕಟ್ಟುವಾಗ ಪಿಯುಸಿಯ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿಸುತ್ತಾರೆ, ಅಲ್ಲೂ ಇದೇ ಮೂರು ವಿಷಯ. ಕಂಪ್ಯೂಟರ್ ಸೈನ್ಸಿನಲ್ಲಿ ನೂರಕ್ಕೆ ನೂರು ಬಂದರೂ ಕಂಪ್ಯೂಟರ್ ಸೈನ್ಸ್ ಸೀಟು ಕೊಡಿಸುವುದು ಗಣಿತವೇ. ಕೇಳಿದರೆ ತಮಾಷೆ ಅನಿಸುತ್ತದೆ, ಆದರೆ ಲೆಕ್ಕ ಹಾಗೇ ಇದೆ.

ಹಾಗಾದರೆ ಕಾಕಾ ಹೇಳಿದ್ದೇ ಸರಿಯಾ? ಅರ್ಧ ಸರಿ. ಜೀವಶಾಸ್ತ್ರ ಇದ್ದರೆ ನೀಟ್ ಬರೆಯಬಹುದು. ಬರೀ ಡಾಕ್ಟರ್ ಅಂತಲ್ಲ, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ, ವಿಜಯಪುರದ ಕೃಷಿ ಕಾಲೇಜಿದೆ, ಅವಕ್ಕೂ ಜೀವಶಾಸ್ತ್ರ ಬೇಕು. ಮಗಳಿಗೆ ಆ ಕಡೆ ಒಂದಿಷ್ಟಾದರೂ ಮನಸ್ಸಿದ್ದರೆ ಪಿಸಿಎಂಬಿ ಒಳ್ಳೆಯದೇ. ಮನಸ್ಸೇ ಇಲ್ಲ, ಕಪ್ಪೆಯ ಚಿತ್ರ ಬಿಡಿಸುವುದೆಂದರೇ ತಲೆನೋವು ಅನ್ನುವ ಹುಡುಗಿಗೆ "ಎರಡೂ ಬಾಗಿಲು ತೆರೆದಿರಲಿ" ಅಂತ ಜೀವಶಾಸ್ತ್ರ ಹೊರಿಸಿದರೆ ಏನಾಗುತ್ತದೆ ಗೊತ್ತಾ? ಆ ಪುಸ್ತಕ ದಪ್ಪ. ಬಾಯಿಪಾಠ ಮಾಡುವುದು ಜಾಸ್ತಿ. ಅದಕ್ಕೆ ಬೇಕಾದ ಹೊತ್ತು ಗಣಿತದ ಹೊತ್ತಿನಿಂದಲೇ ಕಡಿತವಾಗುತ್ತದೆ, ಮತ್ತು ಗಣಿತದಲ್ಲಿ 94 ತೆಗೆದ ಹುಡುಗಿ ಪ್ರಥಮ ಪಿಯುಸಿಯಲ್ಲಿ 60ಕ್ಕೆ ಬಂದು ನಿಲ್ಲುತ್ತಾಳೆ. ಇಂಥವರನ್ನು ಪ್ರತಿ ವರ್ಷ ನೋಡಿದ್ದೇನೆ. ಕಂಪ್ಯೂಟರ್ ಸೈನ್ಸಿನ ಪಾಠ ಹಗುರ, 30 ಅಂಕ ಪ್ರಾಕ್ಟಿಕಲ್‌ನಲ್ಲೇ ಇದೆ, ಉಳಿದ 70 ಥಿಯರಿ. ಕಾಕಾನಿಗೆ ಚಹಾ ಕೊಟ್ಟು ಕೂಡಿಸಿ, ಮಗಳ ಕೈಯಿಂದಲೇ ಹೇಳಿಸಿ. ನೀವು ಹೇಳಿದರೆ ಜಗಳ ಆಗುತ್ತದೆ.

ಒಂದು ಮಾತು ಉಳಿಯಿತು. ಪಿಸಿಎಂಸಿ ತಗೊಳ್ಳದಿದ್ದರೆ ಮುಂದೆ ಕಂಪ್ಯೂಟರ್ ಎಂಜಿನಿಯರಿಂಗ್ ಸಿಗುವುದಿಲ್ಲ ಎಂಬ ಹೆದರಿಕೆಯೂ ಬೇಡ. ಪಿಸಿಎಂಬಿ ಮಾಡಿದವರೂ ಹೋಗುತ್ತಾರೆ. ಎಲೆಕ್ಟ್ರಾನಿಕ್ಸ್ ತಗೊಂಡವರೂ, ಸಂಖ್ಯಾಶಾಸ್ತ್ರ ತಗೊಂಡವರೂ ಹೋಗುತ್ತಾರೆ. ಎಂ ಅಕ್ಷರ ಒಂದು ಇರಬೇಕು, ಅಷ್ಟೇ.

ಇಂಡಿ ತಾಲ್ಲೂಕಿನ ಹಳ್ಳಿಯಿಂದ ಒಬ್ಬ ಹುಡುಗ: ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಅಪ್ಪನ ಹತ್ತಿರ ಒಂದು ಸಾದಾ ಸ್ಮಾರ್ಟ್‌ಫೋನ್ ಇದೆ. ನಮ್ಮದು ಎರಡು ಎಕರೆ ನಿಂಬೆ ತೋಟ. ಲ್ಯಾಪ್‌ಟಾಪ್ ಇಲ್ಲದೆ ಕಂಪ್ಯೂಟರ್ ಸೈನ್ಸ್ ತಗೊಂಡರೆ ನಡೆಯುತ್ತದಾ? ಕ್ಲಾಸಿನಲ್ಲಿ ಎಲ್ಲರೂ ನಗುತ್ತಾರೇನೋ.

ನಡೆಯುತ್ತದೆ ತಮ್ಮಾ. ನಗುವವರು ಮೊದಲ ಕಿರುಪರೀಕ್ಷೆ ತನಕ ನಗುತ್ತಾರೆ, ಆಮೇಲೆ ನಿನ್ನ ನೋಟ್ಸ್ ಕೇಳಿಕೊಂಡು ಬರುತ್ತಾರೆ.

ನಿನ್ನ ತೋಟದಲ್ಲೇ ಒಂದು ಪಾಠ ಇದೆ, ನೋಡು. ಐದು ನಿಂಬೆಹಣ್ಣು ತಗೋ. ಸಾಲಾಗಿ ಇಡು. ತೂಕ ಎಡದಿಂದ ಬಲಕ್ಕೆ 40, 35, 55, 30, 45 ಗ್ರಾಂ ಅಂತ ಇಟ್ಟುಕೊಳ್ಳೋಣ. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಬೇಕು, ಆದರೆ ಒಂದು ಷರತ್ತು: ಒಂದು ಸಲಕ್ಕೆ ಅಕ್ಕಪಕ್ಕದ ಎರಡನ್ನು ಮಾತ್ರ ನೋಡಬೇಕು. ಎಡಗಡೆಯದು ದೊಡ್ಡದಿದ್ದರೆ ಅದಲುಬದಲು ಮಾಡು, ಇಲ್ಲದಿದ್ದರೆ ಸುಮ್ನೆ ಮುಂದಕ್ಕೆ ಹೋಗು. 40, 35 ನೋಡಿದೆ, ಬದಲಿಸಿದೆ. 40, 55 ಸರಿ ಇದೆ, ಬಿಟ್ಟೆ. 55, 30 ಬದಲಿಸಿದೆ. 55, 45 ಬದಲಿಸಿದೆ. ಈಗ ಸಾಲು 35, 40, 30, 45, 55 ಆಯಿತು. ಎಲ್ಲಕ್ಕಿಂತ ದೊಡ್ಡ ಹಣ್ಣು ತಾನಾಗಿಯೇ ಕೊನೆಗೆ ಹೋಗಿ ಕೂತಿದೆ, ಅಲ್ವಾ? ಅದನ್ನು ಮುಟ್ಟದೆ ಉಳಿದ ನಾಲ್ಕಕ್ಕೆ ಮತ್ತೆ ಅದನ್ನೇ ಮಾಡು. ಆಮೇಲೆ ಮೂರಕ್ಕೆ, ಆಮೇಲೆ ಎರಡಕ್ಕೆ. ಇದಕ್ಕೆ ಬಬಲ್ ಸಾರ್ಟ್ ಅನ್ನುತ್ತಾರೆ. ದ್ವಿತೀಯ ಪಿಯುಸಿ ಕಂಪ್ಯೂಟರ್ ಪುಸ್ತಕದಲ್ಲಿ ಬರುತ್ತದೆ. ನೀನು ಲ್ಯಾಪ್‌ಟಾಪ್ ಇಲ್ಲದೆ ಕಲಿತಾಯಿತು.

ಎಷ್ಟು ಸಲ ಹೋಲಿಸಿದೆ ಅಂತ ಈಗ ಎಣಿಸು. 4, ಆಮೇಲೆ 3, 2, 1. ಒಟ್ಟು 10. ನೂರು ಹಣ್ಣಿದ್ದರೆ? 99ರಿಂದ 1ರ ತನಕ ಕೂಡಿಸಬೇಕು. ಒಂದೊಂದೇ ಕೂಡಿಸುತ್ತಾ ಕೂರಬೇಡ, ಹತ್ತನೇ ತರಗತಿಯಲ್ಲಿ ಸಮಾಂತರ ಶ್ರೇಢಿಯ ಮೊತ್ತ ಕಲಿತಿದ್ದೀಯಲ್ಲ, ಅದನ್ನೇ ಹಾಕು: 4,950. ಸಾವಿರ ಹಣ್ಣಿಗೆ 4,99,500. ಹಣ್ಣು ಹತ್ತು ಪಟ್ಟು ಆದರೆ ಕೆಲಸ ಹೆಚ್ಚುಕಡಿಮೆ ನೂರು ಪಟ್ಟು ಆಯಿತು! ಮಾರುಕಟ್ಟೆಯಲ್ಲಿ ನಿಂಬೆ ಆರಿಸುವ ಹೆಣ್ಣುಮಕ್ಕಳು ಯಾಕೆ ಹೀಗೆ ಮಾಡುವುದಿಲ್ಲ, ನೋಡಿದ ಕೂಡಲೇ ದಪ್ಪ, ನಡುವಿನದು, ಸಣ್ಣದು ಅಂತ ಬೇರೆ ಬೇರೆ ಗುಂಪಿಗೆ ಯಾಕೆ ಎಸೆಯುತ್ತಾರೆ ಅಂತ ಯೋಚನೆ ಮಾಡು. ಅವರ ಕ್ರಮವೇ ಬೇರೆ, ಅದು ಬಬಲ್ ಸಾರ್ಟ್‌ಗಿಂತ ಎಷ್ಟೋ ಚುರುಕು. ಯಾವ ಕ್ರಮ ಎಷ್ಟು ಹೊತ್ತು ತಿನ್ನುತ್ತದೆ ಅಂತ ಮೊದಲೇ ಹೇಳುವುದೇ ಕಂಪ್ಯೂಟರ್ ಸೈನ್ಸಿನ ಅರ್ಧ ವಿದ್ಯೆ. ಅದು ಲೆಕ್ಕವೇ.

ಪ್ರೋಗ್ರಾಂ ಬರೆಯುವ ಭಾಷೆಯಾಗಿ ಈಗ ಪಿಯುಸಿಯಲ್ಲಿ ಪೈಥಾನ್ ಇದೆ, ಮೊದಲು ಸಿ ಪ್ಲಸ್ ಪ್ಲಸ್ ಇತ್ತು. ಸಣ್ಣ ಪೈಥಾನ್ ಪ್ರೋಗ್ರಾಂ ಫೋನಿನಲ್ಲೂ ಓಡುತ್ತದೆ. ಆದರೆ ಮೊದಲು ಕಾಗದದ ಮೇಲೆ ಬರೆ. ಪ್ರತಿ ಸಾಲು ಓಡಿದ ಮೇಲೆ ಯಾವ ವೇರಿಯಬಲ್‌ನಲ್ಲಿ (ಬೆಲೆ ಇಟ್ಟುಕೊಳ್ಳುವ ಹೆಸರಿನಲ್ಲಿ) ಏನಿದೆ ಅಂತ ಪಕ್ಕದಲ್ಲಿ ಕೋಷ್ಟಕ ಹಾಕು. ಹೇಗೂ 70 ಅಂಕದ ಪರೀಕ್ಷೆ ಪೆನ್ನಿನಲ್ಲೇ ಬರೆಯುವುದು.

ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ, ಇದು ನನ್ನದೇ ಕಥೆ. ನನ್ನ ಮಗಳನ್ನು ಪಿಯುಸಿಗೆ ಸೇರಿಸುವಾಗ ಒಂದು ಕಾಲೇಜಿನ ಗೇಟಿಗೆ "ಸುಸಜ್ಜಿತ ಕಂಪ್ಯೂಟರ್ ಲ್ಯಾಬ್" ಅಂತ ದೊಡ್ಡ ಬೋರ್ಡ್ ಇತ್ತು. ಗಣಿತದ ಮೇಷ್ಟ್ರು ನಾನು, ಬೋರ್ಡ್ ನಂಬಿ ಫೀ ಕಟ್ಟಿ ಬಂದೆ. ದೀಪಾವಳಿ ತನಕ ಕಂಪ್ಯೂಟರ್ ಪಾಠ ಮಾಡುವವರೇ ಬರಲಿಲ್ಲ. ಲ್ಯಾಬ್ ಒಳಗೆ ಇಪ್ಪತ್ತು ಕಂಪ್ಯೂಟರ್ ಇದ್ದವು, ನಿಜ. ಎಲ್ಲಕ್ಕೂ ಮದುವಣಗಿತ್ತಿಯ ಹಾಗೆ ಮುಸುಕು ಹಾಕಿದ್ದರು. ಚಾಲೂ ಆಗುತ್ತಿದ್ದದ್ದು ಏಳು. ಹಾಗಾಗಿ ನೀನು ಸೇರುವ ಮೊದಲು ಲ್ಯಾಬ್ ಬಾಗಿಲು ತೆಗೆಸಿ ನೋಡು. ಎರಡನೇ ವರ್ಷದ ಹುಡುಗರನ್ನು ಕ್ಯಾಂಟೀನಿನಲ್ಲಿ ಹಿಡಿದು "ವಾರಕ್ಕೆ ಎಷ್ಟು ಸಲ ಲ್ಯಾಬ್ ಆಗತೈತಿ?" ಅಂತ ಕೇಳು. ಪ್ರಿನ್ಸಿಪಾಲರನ್ನು ಕೇಳಬೇಡ.

ಬೀಳಗಿಯಿಂದ: ಹತ್ತರ ತನಕ ಕನ್ನಡ ಮಾಧ್ಯಮ. ಸೈನ್ಸ್ ತಗೊಂಡರೆ ಗಣಿತ ಇಂಗ್ಲಿಷಿನಲ್ಲಿ ಅರ್ಥ ಆಗುತ್ತದಾ?

ಮೊದಲ ಎರಡು ತಿಂಗಳು ಕಷ್ಟ. ಆಮೇಲೆ ಗಣಿತವೇ ಎಲ್ಲಕ್ಕಿಂತ ಸಲೀಸು ಅನಿಸುತ್ತದೆ, ಯಾಕೆಂದರೆ ಅಲ್ಲಿ ವಾಕ್ಯ ಕಡಿಮೆ, ಚಿಹ್ನೆ ಜಾಸ್ತಿ. ಕಲಿಯಬೇಕಾದದ್ದು ನೂರಿನ್ನೂರು ಶಬ್ದ. ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಂಡು ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಬರೆಯುತ್ತಾ ಹೋಗು: ಶ್ರೇಢಿ ಅಂದರೆ ಪ್ರೊಗ್ರೆಷನ್, ಬಹುಪದೋಕ್ತಿ ಅಂದರೆ ಪಾಲಿನಾಮಿಯಲ್, ಸಂಭವನೀಯತೆ ಅಂದರೆ ಪ್ರಾಬಬಿಲಿಟಿ, ಗಣ ಅಂದರೆ ಸೆಟ್. ಪ್ರಥಮ ಪಿಯುಸಿಯ ಮೊದಲ ಅಧ್ಯಾಯ ಸೆಟ್ಸ್, ಅದೇ ಗಣಗಳು. ನಿಜ ಹೇಳಬೇಕೆಂದರೆ "ಬಹುಪದೋಕ್ತಿ" ಕಲಿತ ನಾಲಿಗೆಗೆ ಪಾಲಿನಾಮಿಯಲ್ ಏನು ಮಹಾ.

ಇನ್ನೊಂದು. ಒಂದರಿಂದ ಹತ್ತರ ತನಕ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟು ಹಂಚಿಕೆಯಲ್ಲಿ ಕನ್ನಡ ಮಾಧ್ಯಮ ಮೀಸಲಾತಿ ಇದೆ. ಗ್ರಾಮೀಣ ಮೀಸಲಾತಿಯೂ ಇದೆ. ಶಾಲೆಯ ಪ್ರಮಾಣಪತ್ರ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ, ಇವನ್ನು ಈಗಲೇ ಮಾಡಿಸಿಟ್ಟುಕೊ. ಸಿಇಟಿ ಹೊತ್ತಿನಲ್ಲಿ ಬಿಇಒ ಆಫೀಸಿನ ಮುಂದೆ ಜಾತ್ರೆ ಇರುತ್ತದೆ. ಮತ್ತೆ ಯಾರೋ ಸಂವಿಧಾನದ 371ಜೆ ಮೀಸಲಾತಿ ಬಗ್ಗೆ ಹೇಳಿದರು ಅಂತ ಬರೆದಿದ್ದೀಯ. ಅದು ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ. ನಮ್ಮ ಬಾಗಲಕೋಟೆ ಅದರಲ್ಲಿಲ್ಲ, ಬೆಳಗಾವಿ ವಿಜಯಪುರಗಳೂ ಇಲ್ಲ.

ಜಮಖಂಡಿಯಿಂದ ಒಬ್ಬ ತಂದೆ: ಮಗನಿಗೆ ಗಣಿತದಲ್ಲಿ 52. "ಲೆಕ್ಕದ ಕಾಟ ಬ್ಯಾಡ" ಅಂತ ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಡಿಪ್ಲೊಮಾಗೆ ಹಾಕಬೇಕೆಂದಿದ್ದೇನೆ. ಸರಿಯೇ?

ಡಿಪ್ಲೊಮಾ ಸರಿ ಅಣ್ಣಾರೆ, ಕಾರಣ ತಪ್ಪು. ಮೂರು ವರ್ಷದ ಕೋರ್ಸು, ಕೈಕೆಲಸ ಜಾಸ್ತಿ, ಮುಗಿಸಿದವರು ಡಿಸಿಇಟಿ (ಡಿಪ್ಲೊಮಾದವರ ಸಿಇಟಿ) ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗಬಹುದು. ಕುಳಿತು ಓದುವುದಕ್ಕಿಂತ ಬಿಚ್ಚಿ ಜೋಡಿಸುವುದು ಇಷ್ಟ ಅನ್ನುವ ಹುಡುಗನಿಗೆ ಪಿಯುಸಿಗಿಂತ ಇದು ಎಷ್ಟೋ ಮೇಲು. ಆದರೆ ಲೆಕ್ಕದಿಂದ ತಪ್ಪಿಸಿಕೊಳ್ಳಲು ಅಂತ ಹೋದರೆ, ಮೊದಲ ವರ್ಷದಲ್ಲೇ ಎಂಜಿನಿಯರಿಂಗ್ ಮ್ಯಾಥಮ್ಯಾಟಿಕ್ಸ್ ಅಂತ ಎದುರಿಗೇ ನಿಂತಿರುತ್ತದೆ. ಎರಡನೇ ವರ್ಷಕ್ಕೆ ಹಾರಿದ ಮೇಲೂ ಬಿಡುವುದಿಲ್ಲ. ನಮ್ಮ ಬೆಳಗಾವಿಯ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಡಿಪ್ಲೊಮಾದಿಂದ ಬಂದವರಿಗೆ ಅಂತಲೇ ಹೆಚ್ಚುವರಿ ಗಣಿತದ ಪೇಪರ್ ಇಟ್ಟಿತ್ತು. ಅದರಲ್ಲಿ ಸಿಕ್ಕಿಹಾಕಿಕೊಂಡು ಒದ್ದಾಡಿದವರು ನನ್ನ ಹತ್ತಿರ ಟ್ಯೂಷನ್‌ಗೆ ಬಂದಿದ್ದಾರೆ.

52 ಅಂದರೆ ದಡ್ಡ ಅಂತಲ್ಲ. ಉತ್ತರ ಪತ್ರಿಕೆಯ ನಕಲು ತರಿಸಿ ನೋಡಿ, ಎಲ್ಲಿ ಅಂಕ ಹೋಗಿದೆ ಅಂತ. ನನ್ನ ಅನುಭವದಲ್ಲಿ ಇಂಥ ಹುಡುಗರು ಎಡವುವುದು ಭಿನ್ನರಾಶಿ ಮತ್ತು ಋಣ ಚಿಹ್ನೆಯಲ್ಲಿ. ಅವು ಏಳನೇ ತರಗತಿಯ ಪಾಠ! ಆಗ ಬಿಟ್ಟದ್ದು ಇಲ್ಲಿಯ ತನಕ ಬಡ್ಡಿ ಸಮೇತ ಬಂದಿರುತ್ತದೆ. ಕಾಲೇಜು ಶುರುವಾಗುವ ಮೊದಲು ಒಂದು ತಿಂಗಳು ಏಳನೇ, ಎಂಟನೇ ಪುಸ್ತಕ ಹಿಡಿದು ಕೂಡಿಸಿ. ನಾಚಿಕೆಪಡುತ್ತಾನೆ, ಪಡಲಿ.

ಬೆಳಗಾವಿ ಕ್ಯಾಂಪ್‌ನಿಂದ: ಮಗ ಸಿಬಿಎಸ್‌ಇ ಒಂಬತ್ತನೇ ತರಗತಿ. ಬೇಸಿಕ್ ಮ್ಯಾಥ್ಸ್, ಸ್ಟ್ಯಾಂಡರ್ಡ್ ಮ್ಯಾಥ್ಸ್, ಯಾವುದು?

ಪಾಠ ಎರಡಕ್ಕೂ ಒಂದೇ, ಹತ್ತರ ಪ್ರಶ್ನೆಪತ್ರಿಕೆ ಮಾತ್ರ ಬೇರೆ. 2020ರ ಪರೀಕ್ಷೆಯಿಂದ ಹೀಗೆ ಮಾಡಿದ್ದಾರೆ. ಹನ್ನೊಂದರಲ್ಲಿ ಪೂರ್ತಿ ಗಣಿತ ಬೇಕು ಅನ್ನುವ ಯೋಚನೆ ಇದ್ದರೆ ಸ್ಟ್ಯಾಂಡರ್ಡೇ ಬರೆಸಿ. ಹನ್ನೊಂದರಲ್ಲಿ ಅಪ್ಲೈಡ್ ಮ್ಯಾಥ್ಸ್ ಅಂತ ಇನ್ನೊಂದಿದೆ, ಅದು ಕಾಮರ್ಸ್ ಕಡೆಯವರಿಗೆ ಚೆನ್ನ, ಎಂಜಿನಿಯರಿಂಗ್ ಆಸೆ ಇದ್ದವರಿಗಲ್ಲ. ಕಂಪ್ಯೂಟರಿನಲ್ಲೂ ಎರಡು ದಾರಿ. ಕಂಪ್ಯೂಟರ್ ಸೈನ್ಸ್ ಅಂದರೆ ಪ್ರೋಗ್ರಾಂ ಬರೆಯುವುದು ಜಾಸ್ತಿ. ಇನ್‌ಫರ್ಮ್ಯಾಟಿಕ್ಸ್ ಪ್ರಾಕ್ಟಿಸಸ್ ಅಂದರೆ ಮಾಹಿತಿಯ ಕೋಷ್ಟಕ, ಗ್ರಾಫ್ ಇವೆಲ್ಲ ಜಾಸ್ತಿ. ಎರಡರಲ್ಲೂ ಪೈಥಾನ್ ಇದೆ.

ವಿಜಯಪುರದಿಂದ: ಎಐ ಬಂದು ತಾನೇ ಪ್ರೋಗ್ರಾಂ ಬರೆಯುತ್ತಿದೆ. ಇನ್ನು ಕಂಪ್ಯೂಟರ್ ಓದಿ ಏನು ಮಾಡುವುದು?

ಕ್ಯಾಲ್ಕುಲೇಟರ್ ಬಂದಾಗ ಗಣಿತದ ಮೇಷ್ಟ್ರುಗಳಿಗೂ ಇದನ್ನೇ ಕೇಳಿದ್ದರು. ದ್ವಿತೀಯ ಪಿಯುಸಿ ಗಣಿತ ಪುಸ್ತಕ ತೆಗೆದು ಮ್ಯಾಟ್ರಿಕ್ಸ್, ಡಿಫರೆನ್ಸಿಯೇಷನ್, ಪ್ರಾಬಬಿಲಿಟಿ, ಈ ಮೂರು ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಎಐ ಒಳಗೆ ತಿರುಗುತ್ತಿರುವುದು ಮುಖ್ಯವಾಗಿ ಈ ಮೂರೇ. ಅದು ಬರೆದುಕೊಟ್ಟ ಪ್ರೋಗ್ರಾಂ ಸರಿಯೋ ತಪ್ಪೋ ಅಂತ ಹೇಳಲಿಕ್ಕಾದರೂ ಒಬ್ಬರು ಬೇಕಲ್ಲ.

ರಬಕವಿ-ಬನಹಟ್ಟಿಯಿಂದ ಒಬ್ಬ ಹುಡುಗಿ: ನಮ್ಮದು ನೇಕಾರರ ಮನೆ. ಅಪ್ಪನಿಗೆ ಸೈನ್ಸ್ ಓದಿಸುವಷ್ಟು ಶಕ್ತಿ ಇಲ್ಲ, ಕಾಮರ್ಸ್ ತಗೋ ಅಂತಾರೆ. ಕಾಲೇಜಿನವರು ಸಿಇಬಿಎ ಅಂತ ಒಂದಿದೆ, ಅದರಲ್ಲಿ ಕಂಪ್ಯೂಟರ್ ಬರುತ್ತದೆ ಅಂದರು. ನಾನು ಕಂಪ್ಯೂಟರ್ ಡಿಗ್ರಿ ಬಿಸಿಎ, ಅದರ ಮೇಲೆ ಎಂಸಿಎ ಮಾಡಬೇಕೆಂದಿದ್ದೇನೆ. ನಮ್ಮಂಥವರಿಗೆ ಇದೆಲ್ಲ ಆಗುತ್ತದಾ ಸರ್?

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ ತಂಗಿ.

ನಿಮ್ಮ ಓಣಿಯಲ್ಲಿ ಜಕಾರ್ಡ್ ಮಗ್ಗ ನೋಡಿರುತ್ತೀಯ. ಮೇಲೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಮಾಲೆ ನೇತಾಡುತ್ತಿರುತ್ತದಲ್ಲ, ಅದನ್ನು ಹತ್ತಿರ ನಿಂತು ನೋಡು. ಹೊಕ್ಕಿನ (ಅಡ್ಡ) ಒಂದೊಂದು ಎಳೆಗೆ ಒಂದೊಂದು ಕಾರ್ಡು. ತೂತು ಇದ್ದ ಕಡೆ ಸೂಜಿ ಒಳಗೆ ಹೋಗುತ್ತದೆ, ಆ ಹಾಸಿನ (ಉದ್ದ) ಎಳೆ ಮೇಲೇಳುತ್ತದೆ. ತೂತು ಇಲ್ಲದ ಕಡೆ ಸೂಜಿ ಹಿಂದಕ್ಕೆ ಸರಿಯುತ್ತದೆ, ಎಳೆ ಕೆಳಗೇ ಉಳಿಯುತ್ತದೆ. ತೂತು ಇದೆ, ತೂತು ಇಲ್ಲ. ಒಂದು, ಸೊನ್ನೆ. ಸೀರೆಯ ಅಂಚಿನಲ್ಲಿ ಹೂವು ಮೂಡುವುದು ಇಷ್ಟರಿಂದಲೇ. ಜಕಾರ್ಡ್ ಎನ್ನುವ ಫ್ರಾನ್ಸಿನ ನೇಕಾರ 1804ರಲ್ಲಿ ಈ ಮಗ್ಗ ಮಾಡಿದ. 1830ರ ದಶಕದಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಆದೇಶ ಕೊಡಲು ಇದೇ ತೂತಿನ ಕಾರ್ಡು ಬಳಸಬೇಕೆಂದು ಯೋಜನೆ ಹಾಕಿದ. ಅಮೆರಿಕದಲ್ಲಿ 1890ರ ಜನಗಣತಿಯನ್ನು ಎಣಿಸಿದ್ದು ತೂತಿನ ಕಾರ್ಡಿನಿಂದಲೇ. ಆಮೇಲೆ ಬಂದ ಕಂಪ್ಯೂಟರುಗಳೂ ಎಷ್ಟೋ ವರ್ಷ ಕಾರ್ಡು ತಿಂದುಕೊಂಡೇ ಬದುಕಿದವು. ಮಗ್ಗ ಅಣ್ಣ, ಕಂಪ್ಯೂಟರ್ ತಮ್ಮ. ನಿಮ್ಮಂಥವರಿಗೆ ಆಗುತ್ತದಾ ಅಂತ ಕೇಳುತ್ತೀಯಲ್ಲ!

ಈಗ ಕೋರ್ಸಿನ ಮಾತು. ಸಿಇಬಿಎ ಅಂದರೆ ಕಂಪ್ಯೂಟರ್ ಸೈನ್ಸ್, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ. ನಾಲ್ಕು ಅಕ್ಷರದಲ್ಲಿ ಗಣಿತ ಎಲ್ಲಿದೆ ಹೇಳು? ಇಲ್ಲ. ಕಾಲೇಜಿನವರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಸುಳ್ಳೂ ಹೇಳುವುದಿಲ್ಲ. ಬಿಸಿಎಗೆ ಬಹಳ ಕಡೆ ಸೀಟು ಸಿಗುತ್ತದೆ, ಚಿಂತೆ ಇಲ್ಲ. ಆದರೆ ಬಿಸಿಎ ಒಳಗೆ ಗಣಿತದ ಪೇಪರ್ ಬಂದಾಗ ಎರಡು ವರ್ಷ ಲೆಕ್ಕ ಮುಟ್ಟದ ಕೈ ನಡುಗುತ್ತದೆ. ಎಂಸಿಎಗೆ ಹೋಗುವಾಗ ಪಿಯುಸಿಯಲ್ಲೋ ಡಿಗ್ರಿಯಲ್ಲೋ ಗಣಿತ ಓದಿದ್ದೀಯಾ ಅಂತ ಕೇಳುವ ಕಡೆ ಜಾಸ್ತಿ.

ಕಾಮರ್ಸಿನಲ್ಲೇ ಬೇಸಿಕ್ ಮ್ಯಾಥ್ಸ್ ಅಂತ ಒಂದು ವಿಷಯ ಇದೆ, ಸ್ಟ್ಯಾಟಿಸ್ಟಿಕ್ಸ್ ಅಂತ ಇನ್ನೊಂದಿದೆ. ಎಲ್ಲ ಕಾಲೇಜುಗಳಲ್ಲೂ ಇರುವುದಿಲ್ಲ, ಮೊದಲು ಅದನ್ನು ಕೇಳು. ಬೇಸಿಕ್ ಮ್ಯಾಥ್ಸ್ ಸಿಕ್ಕರೆ ಕಂಪ್ಯೂಟರ್ ಬಿಟ್ಟಾದರೂ ಅದನ್ನು ತಗೋ, ಇದು ನನ್ನ ಸ್ಪಷ್ಟ ಅಭಿಪ್ರಾಯ. ಕಂಪ್ಯೂಟರನ್ನು ಬಿಸಿಎಯಲ್ಲಿ ಮೂರು ವರ್ಷ ಅದೇ ಕಲಿಸುತ್ತಾರೆ, ಲೆಕ್ಕವನ್ನು ಅಲ್ಲಿ ಮೊದಲಿನಿಂದ ಯಾರೂ ಕಲಿಸುವುದಿಲ್ಲ. ಸಿಗದೇ ಇದ್ದರೆ ಸಿಇಬಿಎ ತಗೊಂಡು, ಭಾನುವಾರಕ್ಕೆ ಒಂದು ತಾಸು ಪ್ರಥಮ ಪಿಯುಸಿ ಗಣಿತ ಪುಸ್ತಕದ ಸೆಟ್ಸ್, ಪರ್ಮ್ಯುಟೇಷನ್, ಪ್ರಾಬಬಿಲಿಟಿ ಅಧ್ಯಾಯಗಳನ್ನು ನೀನೇ ಮಾಡುತ್ತಾ ಹೋಗು. ಎನ್‌ಸಿಇಆರ್‌ಟಿ ಪುಸ್ತಕಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ.

ಸೈನ್ಸ್ ಓದಿಸುವ ಶಕ್ತಿ ಇಲ್ಲ ಅಂತ ಅಪ್ಪ ಅಂದದ್ದು ಖಾಸಗಿ ಕಾಲೇಜಿನ ಫೀ ನೋಡಿ ಇರಬೇಕು. ಸರ್ಕಾರಿ ಪಿಯು ಕಾಲೇಜಿನಲ್ಲಿ ಒಮ್ಮೆ ವಿಚಾರಿಸಿ, ಆಮೇಲೆ ತೀರ್ಮಾನ ಮಾಡಿ.

ಅಲ್ಲಿಯ ತನಕ ಒಂದು ಲೆಕ್ಕ ಕೊಡುತ್ತೇನೆ. ಒಂದು ಕಾರ್ಡಿನ ಮೇಲೆ ಬರೀ ಎಂಟು ಜಾಗ ಇದೆ ಅಂತ ಇಟ್ಟುಕೊ, ಪ್ರತಿ ಜಾಗದಲ್ಲಿ ತೂತು ಹೊಡೆಯಬಹುದು, ಬಿಡಬಹುದು. ಒಟ್ಟು ಎಷ್ಟು ಬಗೆಯ ಕಾರ್ಡು ಮಾಡಬಹುದು? ಒಂದು ಜಾಗಕ್ಕೆ 2, ಎರಡಕ್ಕೆ 4, ಮೂರಕ್ಕೆ 8, ಹೀಗೆ ಎಂಟರ ತನಕ ಹೋಗು. ಉತ್ತರ 256 ಬರಬೇಕು. ಮಗ್ಗ ಇರುವವರ ಹತ್ತಿರ ಒಂದು ಹಳೇ ಕಾರ್ಡು ಕೇಳಿ ಇಸಕೊಂಡು ಚೀಲದಲ್ಲಿ ಇಟ್ಟುಕೊ. ಕಾಲೇಜಿನಲ್ಲಿ ಬೈಟ್, ಅಂದರೆ ಇಂಥ ಎಂಟು ಸೊನ್ನೆ-ಒಂದುಗಳ ಗುಂಪಿನ ಬಗ್ಗೆ ಪಾಠ ಮಾಡುವ ದಿನ ಅದನ್ನು ತೆಗೆದು ಮೇಷ್ಟ್ರಿಗೆ ತೋರಿಸು, ಅವರು ಏನು ಅಂದರು ಅಂತ ನನಗೆ ಬರೆ.